ಅವ್ವನ ಫ್ರಿಜ್ಜಿನಲ್ಲಿ ಹಂದಿಯ ಲಿವರ್

ಇವತ್ತು ಕರೆಂಟು ಹೋದಾಗ ಸೊಸೆ, "ಫ್ರಿಜ್ ಬಾಗಲಾ ತೆಗೀಬ್ಯಾಡ್ರಿ ಅತ್ತಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ನಿಮಗೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ನನ್ನ ಮದುವೆಯಾಗಿ ಆರು ತಿಂಗಳಾಗಿತ್ತು. ಗಂಡ ಪಶುವೈದ್ಯರು; ಮೇಲಿನ ಓದಿಗೆ ಆರಿಸಿಕೊಂಡದ್ದು ಹಂದಿಯ ಲಿವರ್. ಗಂಡುಹಂದಿಯ ಹಾರ್ಮೋನು ಲಿವರಿನ ಕಿಣ್ವಗಳನ್ನು ಮಂದ ಮಾಡುತ್ತದೆಯೇ, ಮಾಂಸ ನಾರುವುದು ಅದಕ್ಕೇ ಏನು ಎಂಬುದು ಅವರ ಪ್ರಶ್ನೆ. ಯಾರಾದರೂ ಕೇಳಿದರೆ ನಾನು "ಹಾರ್ಮೋನು" ಎಂದಷ್ಟೇ ಹೇಳಿ ಜಾರಿಕೊಳ್ಳುತ್ತಿದ್ದೆ. ನಮ್ಮ ಸೋದರಮಾವ ಅದನ್ನು ಹಾರ್ಮೋನಿಯಂ ಎಂದು ತಿಳಿದು ಅವರನ್ನು ಭಜನೆಗೆ ಕರೆದಿದ್ದ.

ಒಮ್ಮೆ ರಾಯಬಾಗದಲ್ಲಿ ಲಿವರಿನ ತುಂಡುಗಳನ್ನು ಡಬ್ಬಿಗೆ ಹಾಕಿಕೊಂಡು ಕಾಲೇಜಿಗೆ ಹೊರಟವರಿಗೆ ನಿಪ್ಪಾಣಿಯಲ್ಲಿ ಬಸ್ಸು ತಪ್ಪಿತು. ನೇರ ಅಕ್ಕೋಳಕ್ಕೆ, ನನ್ನ ತವರಿಗೆ ಬಂದರು. ನಾನೂ ಆಗ ಅಲ್ಲೇ ಇದ್ದೆ. ಮೊಟ್ಟೆಯ ಹೆಸರೂ ಎತ್ತದ ಮನೆ ನಮ್ಮದು. ಅವರು ಬಾಯಿ ತೆರೆಯುವ ಮೊದಲೇ ನಾನು, "ದನದ ಔಷಧ ಐತಿ ಬೇ ಯವ್ವಾ" ಎಂದು ಡಬ್ಬಿಯನ್ನು ಮೊಸರಿನ ಪಕ್ಕ ಇಟ್ಟೆ.

ಮಧ್ಯಾಹ್ನ ಕರೆಂಟು ಹೋಯಿತು. ಒಂದು ತಾಸು, ಎರಡು ತಾಸು. ಇವರು ಫ್ರಿಜ್ಜಿನ ಮುಂದೆ ಹೆರಿಗೆ ಕೋಣೆಯ ಹೊರಗೆ ನಿಂತವರಂತೆ ತಿರುಗತೊಡಗಿದರು. ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟರು: "ಅತ್ತೀ, ಅದು ಔಷಧ ಅಲ್ರಿ. ಹಂದಿ ಲಿವರ್. ಬೆಚ್ಚಗಾದ್ರ ನನ್ನ ವರ್ಷದ ಕೆಲಸ ಹಾಳಾಗತೈತ್ರಿ."

ಅವ್ವ ಫ್ರಿಜ್ಜನ್ನೂ ಅಳಿಯನನ್ನೂ ನೋಡಿದಳು. "ಅದ್ರಾಗ ಏನ್ ಹುಡುಕಾಕತ್ತೀರಿ?"

ಇವರು ವಿವರಿಸಿದರು.

"ಬೀಜ ಒಡಿಸಿದ ಹಂದಿ ನಾರೂದಿಲ್ಲ ಅಂತ ಸಾಕಾವ್ರನ್ನ ಕೇಳಿದ್ರ ಚಾ ಕುಡಿಯೂದ್ರಾಗ ಹೇಳತಿದ್ರಲ್ರಿ!"

"ಯಾಕ ನಾರೂದಿಲ್ಲ ಅಂತ ಅವ್ರಿಗೂ ಗೊತ್ತಿಲ್ರಿ."

ಅವ್ವ ಬೀದಿಗೆ ಹೋಗಿ ಐಸ್‌ಕ್ಯಾಂಡಿಯವನನ್ನು ನಿಲ್ಲಿಸಿದಳು. "ಕ್ಯಾಂಡಿ ನೀನs ಇಟ್ಕೊ, ಬರ್ಫ ಅಷ್ಟ ಕೊಡು." ಡಬ್ಬಿಯನ್ನು ಬರ್ಫದಲ್ಲಿ ಹುಗಿದು, ತನ್ನ ಕೌದಿಯನ್ನೇ ಸುತ್ತಿ, ಕೂಸಿನಂತೆ ಅಳಿಯನ ಮಡಿಲಿಗಿಟ್ಟಳು. ಬಸ್ಸಿನತನಕ ಹೋಗಿ ಅವರನ್ನು ಕಳಿಸಿ ಬಂದು ಫ್ರಿಜ್ಜನ್ನು ಮೂರು ಸಲ ತೊಳೆದು ಅದರ ಹಣೆಗೆ ವಿಭೂತಿ ಬಳಿದಳು. ಲಿವರ್ ಕೆಡದೆ ಕಾಲೇಜು ಮುಟ್ಟಿತು. ಇವರಿಗೆ ಪದವಿಯೂ ಬಂತು.

ಎಲ್ಲ ಕೇಳಿದ ಸೊಸೆ, "ಅಜ್ಜಿ ಬೈಲೇ ಇಲ್ಲೇನ್ರಿ?" ಎಂದಳು. ಇಲ್ಲ. ಆದರೆ ಆಮೇಲೆ ಹೊಲದ ಮಾತಿರಲಿ, ನನ್ನ ಬಸುರಿನ ಸುದ್ದಿಯಿರಲಿ, ಅವ್ವ ಕೊನೆತನಕ ಕೇಳುತ್ತಿದ್ದದ್ದು ಇವರನ್ನೇ. ಅಳಿಯನೆಂಬ ಗೌರವ ಅಂದುಕೊಂಡಿದ್ದೆ.

ಪೇಪರಿನ ಹಿಂದಿನಿಂದ ಇವರು ಕೆಮ್ಮಿದರು. "ಅವತ್ತು ಬಸ್ ಹತ್ತೂವಾಗ ಅತ್ತಿ ಒಂದ್ ಮಾತ್ ಹೇಳಿದ್ರು. 'ಮಗಳು ಸುಳ್ಳು ಹೇಳಿದ್ಲು, ನೀವು ಖರೆ ಹೇಳಿದ್ರಿ. ಇನ್ ಮ್ಯಾಲ ಏನ್ ಕೇಳೂದಿದ್ರೂ ನಿಮ್ಮನ್ನs ಕೇಳ್ತೇನಿ' ಅಂತ."

ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಇಷ್ಟು ವರ್ಷದ ಅವ್ವನ ಒಂದೊಂದೇ ಪ್ರಶ್ನೆಯನ್ನು ನೆನೆಸಿಕೊಳ್ಳುತ್ತ ಕುಳಿತೆ.