ಬೈರಗಿ ಮುಂದಿನ ಜಾಗ

ನಮ್ಮ ಮನಿಯವರ ಹೆಸರು ನಾ ಹೇಳಂಗಿಲ್ಲ. ಬಡಿಗ್ಯಾರ ಮೋನಪ್ಪ ಎಲ್ಲಿರ್ತಾನ ಅಂತ ಮಾನ್ವಿಯಾಗ ಯಾರನ್ನ ಕೇಳಿದ್ರೂ ನಮ್ಮ ಮನಿ ತೋರಿಸ್ತಾರ, ಅಷ್ಟು ಸಾಕು. ಜೋತುಬಿದ್ದ ಬಾಗಲ, ಕಾಲು ಮುರಿದ ಹೊರಸು, ಕೀಲು ಕಳಚಿದ ತೊಟ್ಟಲ, ಎಲ್ಲಾ ರಿಪೇರಿ ಮಾಡ್ತಾರ. ಕೈಯಾಗ ಕಸಬು ಅದ, ಬಾಯಾಗ ಮಾತಿಲ್ಲ. ಊಟಕ್ಕ ಏಳ್ರಿ ಅಂದ್ರ ಹೂಂ. ಇನ್ನೊಂದು ರೊಟ್ಟಿ ಹಾಕ್ಲೇನು ಅಂದ್ರ ಊಂಹೂಂ. ಲಗ್ನ ಆದ ಹೊಸದ್ರಾಗ, ನನ್ನ ಮೂಗನಿಗೆ ಕೊಟ್ಟೀರಿ ಅಂತ ದೇವಸುಗೂರಿಗೆ ಹೋಗಿ ನಮ್ಮವ್ವನ ಮುಂದ ಅತ್ತಿದ್ದೆ.

ಆಮ್ಯಾಲ ಒಂದಿನ ಬೈರಗಿ ಹಿಡಿದು ಕುಂತು, "ಬಾ, ಮಿಣಿ ಎಳಿ" ಅಂದ್ರು. ಪ್ಯಾಟಿ ಮಂದಿ ಬೈರಗಿ ಎಲ್ಲಿ ನೋಡ್ಯಾರ? ಕಟ್ಟಿಗಿಗೆ ತೂತು ಹಾಕೋ ಸಾಮಾನು ಅದು. ಮೊಳದುದ್ದ ಗುಂಡನ್ನ ಹಿಡಿಕಿ, ತುದಿಗೆ ಕಬ್ಬಿಣದ ಮೊನಿ. ಹಿಡಿಕಿಗೆ ತೊಗಲಿನ ಮಿಣಿ ಸುತ್ತಿ ಒಬ್ರು ಮ್ಯಾಲಿಂದ ಒತ್ತಿ ಹಿಡೀಬೇಕು, ಇನ್ನೊಬ್ರು ಎರಡೂ ತುದಿ ಹಿಡಿದು ಮಜ್ಜಿಗಿ ಕಡದಂಗ ಎಳೀಬೇಕು. ಎದುರಾಬದುರಾ ಕುಂದರಬೇಕು, ತಲಿಗೆ ತಲಿ ತಾಕೋ ಅಷ್ಟು ಸನೇಕ.

ಮಿಣಿ ಓಡಾಕ ಶುರು ಆತು ನೋಡ್ರಿ, ಈ ಮನಷ್ಯಾಗ ಮಾತು ಶುರು ಆದ್ವು! ಅಬ್ಬಬ್ಬಾ, ಎಲ್ಲಿ ಇಟ್ಟಿದ್ದರೋ ಅಷ್ಟು ಮಾತು. ಕಲ್ಲೂರಾಗ ಯಾರದೋ ಕಣಜದ ಖೋಲಿಗೆ ಚಿಲಕ ಕೂಡ್ರಿಸಿ, ತಾವೇ ಒಳಗ ಸಿಕ್ಕೊಂಡು, ಸಂಜಿತನಕ ಜ್ವಾಳದ ಮ್ಯಾಲ ಮಲಗಿದ್ದನ್ನ ಹೇಳಿದ್ರು. ನಾ ನಕ್ಕು ನಕ್ಕು ಮಿಣಿ ಬಿಟ್ಟುಬಿಟ್ಟೆ. ಮಿಣಿ ನಿಂತ್ರ ಮಾತೂ ನಿಂತ್ವು. ಮತ್ತ ಎಳದೆ, ಮತ್ತ ಬಂದ್ವು. ಒಂದು ವರ್ಷ ಹಂಗ ಸುಖದಾಗ ಹೋತು.

ಎಪ್ಪತ್ತೈದನೇ ಇಸವಿಯೊಳಗ ಬಾಣಂತನಕ್ಕ ತವರಿಗೆ ಹೋದೆ. ಮಗಳನ್ನ ಎತ್ತಿಕೊಂಡು ತಿರುಗಿ ಬಂದು ನೋಡ್ತೀನಿ, ನನ್ನ ಜಾಗದಾಗ ನೀಲಗಂಗಮ್ಮ ಕುಂತಾಳ! ಹಿಂದಿನ ಓಣಿಯಾಕಿ, ಗಂಡ ಇಲ್ಲ, ಕೂಲಿ ಮಾಡಿ ಉಣ್ಣಾಕಿ. ನಾ ಇಲ್ಲದಾಗ ಮಿಣಿ ಎಳಿಯಾಕ ಅಕಿನ್ನ ಕರದಿದ್ರಂತ.

"ನಾ ಬಂದೀನಲ್ಲ, ಇನ್ನ ನಾ ಎಳೀತೀನಿ" ಅಂದೆ.

"ಕೂಸು ಕಾಲಾಗ ಹಾಕ್ಕೊಂಡು ಹೆಂಗ ಎಳೀತಿ ಬೇ? ಅಕಿಗೂ ಒಂದು ಆಸರ ಆಗ್ಲಿ ಬಿಡು" ಅಂದ್ರು ನಮ್ಮತ್ತಿ.

ಒಂದು ಕೂಸು ಕೆಳಗಿಳಿಯೋದ್ರಾಗ ಇನ್ನೊಂದು. ನೀಲಗಂಗಮ್ಮ ಎಂಟು ವರ್ಷ ಆ ಜಾಗ ಬಿಟ್ಟು ಎದ್ದೇಳಲಿಲ್ಲ.

ಅಕಿ ಅವರಿಗೆ ಮೋನಣ್ಣ ಅಂತಿದ್ಲು. ಅಣ್ಣ ಅಂದ್ರ ಏನಾತು? ಹೊಟ್ಟಿಕಿಚ್ಚು ಅಣ್ಣ ತಂಗಿ ಅಂತ ನೋಡ್ತದೇನು? ಅಕಿ ಗುಣ ಕೆಟ್ಟದಂತ ನಾ ಅನ್ನಂಗಿಲ್ಲ, ಅಂದ್ರ ನಾಲಿಗಿ ಬಿದ್ದು ಹೋಗ್ತದ. ಆದ್ರ ನನಗ ಬರಬೇಕಾದ ಮಾತೆಲ್ಲ ಅಕಿಗೆ ಹೋಗತಿದ್ವು. ಒಲಿ ಮುಂದ ಕುಂತ್ರ ಅಂಗಳದಿಂದ ಅವರ ಗುಸುಗುಸು, ಅಕಿ ಕಿಸಿಕಿಸಿ ಕೇಳತಿತ್ತು. ನಾ ರೊಟ್ಟಿ ಬಡಿಯೋ ಸಪ್ಪಳ ಜೋರಾಗತಿತ್ತು. "ಸೂಗಮ್ಮ, ಮೆಲ್ಲಕ, ರೊಟ್ಟಿ ಹರೀತಾವ" ಅಂತಿದ್ರು ನಮ್ಮತ್ತಿ. ಹರೀಲಿ, ಯಾರಿಗೇನು!

ಒಮ್ಮೆ ದೇವದುರ್ಗದಾಗ ಒಬ್ಬ ಸಾಹುಕಾರನ ಮನಿ ಬಾಗಲ ರಿಪೇರಿ ಬಂತು. ಇಬ್ರೂ ಮುಂಜಾನಿ ಬಸ್ಸಿಗೆ ಹೋಗಿ ಹೊತ್ತು ಮುಳುಗೋದ್ರಾಗ ಬಂದ್ರು. ಅಕಿ ಸೆರಗು ಬಾಯಿಗಿಟ್ಟುಕೊಂಡು ಇನ್ನೂ ನಗಾಕತ್ತಿದ್ಲು.

"ದೇವದುರ್ಗದಾಗ ಏನಾತ್ರೀ?" ಅಂದೆ.

"ಏನಿಲ್ಲ" ಅಂದ್ರು.

ಏನಿಲ್ಲಂತ! ಏನಿಲ್ಲದಕ್ಕ ಅಕಿ ಬಸ್‌ಸ್ಟ್ಯಾಂಡಿನಿಂದ ಮನಿತನಕ ನಗತಾಳೇನು? ಅವತ್ತು ಪಲ್ಯಾಕ ಉಪ್ಪು ಹಾಕಲಿಲ್ಲ ನಾ. ಸಪ್ಪಗ ಅದ ಅಂತಾದ್ರೂ ಬಾಯಿ ಬಿಡ್ತಾರ ಅಂತ ನೋಡಿದೆ. ಸುಮ್ಮನ ಉಂಡು ಎದ್ದುಹೋದ್ರು.

ಎಂಬತ್ತಮೂರರಾಗ ಇರಬೇಕು, ನನ್ನ ತಮ್ಮ ಕಾಳಪ್ಪ ಬಂದಿದ್ದ. ತವರಿನ ಮಗ್ಗಲಾಗ ಶಕ್ತಿನಗರದೊಳಗ ಕರೆಂಟ್ ತಯಾರು ಮಾಡೋ ದೊಡ್ಡ ಕಾರ್ಖಾನಿ ಕಟ್ಟಾಕತ್ತಿದ್ರು, ಅಲ್ಲಿ ಕೆಲಸಕ್ಕ ಹೋಗತಿದ್ದ.

"ಅಕ್ಕಾ, ಅಲ್ಲಿ ತೂತು ಹಾಕೋ ಮಿಷನ್ ಅದ. ಗುಂಡಿ ಒತ್ತಿದ್ರ ಗುರ್ರ್ ಅಂತದ, ಕಟ್ಟಿಗಿ ಬೆಣ್ಣಿ ಆಗ್ತದ. ಒಬ್ಬ ಮನಷ್ಯಾ ಸಾಕು" ಅಂದ.

ಒಬ್ಬ ಮನಷ್ಯಾ ಸಾಕು ಅಂದದ್ದೊಂದೇ ನನ್ನ ಕಿವಿಗೆ ಬಿತ್ತು. ಕೊರಳಾಗಿನ ಬಂಗಾರದ ಬೋರಮಾಳ ಬಿಚ್ಚಿ ಅವನ ಕೈಯಾಗ ಇಟ್ಟೆ. ಮುಂದಿನ ವಾರ ರಾಯಚೂರಿನ ತೀನ್ ಕಂದೀಲ್ ಹತ್ರ ಒಂದು ಅಂಗಡ್ಯಾಗ ಮಿಷನ್ ತಗೊಂಡು ಬಂದ.

ನಮ್ಮವ್ರು ಅದನ್ನ ಆ ಕಡಿ ಈ ಕಡಿ ತಿರುವಿ ನೋಡಿದ್ರು. ಗುಂಡಿ ಒತ್ತಿದ್ರು. ಬಾಯಿ ತುಂಬ ನಕ್ಕರು. ಮರುದಿನ ನೀಲಗಂಗಮ್ಮ ಬಂದು ಹೊಸ್ತಿಲ ಹೊರಗ ನಿಂತ್ಲು.

"ಇನ್ನ ನನ್ನ ಕೆಲಸ ಇಲ್ಲೇನು ಮೋನಣ್ಣ?"

"ಇಲ್ಲವ್ವ" ಅಂದ್ರು, ಮಿಷನ್ ಮ್ಯಾಲಿನ ಕಣ್ಣು ತಗೀಲಿಲ್ಲ.

ನನ್ನ ಹೊಟ್ಟಿ ತಣ್ಣಗಾತು. ಅವತ್ತು ಹೋಳಿಗಿ ಮಾಡಿದೆ.

ಹೋಳಿಗಿ ಸಿಹಿ ನಾಲಿಗಿ ಮ್ಯಾಲ ಇರೋದ್ರಾಗ ತಿಳೀತು ನಾ ಎಂಥಾ ಕೆಲಸ ಮಾಡಿಕೊಂಡೆ ಅಂತ. ಈಗ ಅವ್ರು ಕುಂದರಂಗೇ ಇಲ್ಲ. ನಮಗ ಬೆನ್ನು ಮಾಡಿ, ಬಾಗಲಕ್ಕ ಮಾರಿ ಮಾಡಿ ನಿಂದರ್ತಾರ. ಗುರ್ರ್ ಅನ್ನೋದ್ರಾಗ ಚಾ ತಗೋರಿ ಅಂದ್ರೂ ಕೇಳಂಗಿಲ್ಲ. ಮೊದಲ ಹೂಂ, ಊಂಹೂಂ ಆದ್ರೂ ಇದ್ವು, ಅವೂ ಹೋದ್ವು. ಕೆಲಸ ಮುಗಿದ ಮ್ಯಾಲ ಮಿಷನ್ ಧೂಳು ಒರಸಿ, ಮೆತ್ತನ್ನ ಟವಲಿನಾಗ ಸುತ್ತಿ ಪೆಟಗಿಯೊಳಗ ಇಡ್ತಾರ. ನನಗ ಬಾಣಂತನದಾಗೂ ಇಷ್ಟು ಬೆಚ್ಚಗ ಹೊಚ್ಚಿರಲಿಲ್ಲ! ನೀಲಗಂಗಮ್ಮನ ಕೂಡ ಆದ್ರ ಜಗಳ ತೆಗೀಬಹುದಿತ್ತು. ಇದಕ್ಕ ಏನನ್ನಲಿ? ಅಕಿನ್ನ ಎಬ್ಬಸಾಕ ಹೋಗಿ ಆ ಜಾಗಾನ ಕಿತ್ತೊಗದಿದ್ದೆ.

ನೀಲಗಂಗಮ್ಮ ಹೊಲದ ಕೂಲಿಗೆ ಹತ್ತಿದ್ಲು. ಸಂಜಿಮುಂದ ಮಜ್ಜಿಗಿಗೆ ಅಂತ ಬಂದು ನಮ್ಮ ಕಟ್ಟಿ ಮ್ಯಾಲ ಕುಂದರತಿದ್ಲು. ನಾನೂ ಬ್ಯಾಡ ಅನ್ನಲಿಲ್ಲ.

ಈ ಬ್ಯಾಸಗಿಯಾಗ ಒಂದಿನ ನಮ್ಮವ್ರು ಅಂಗಳದಾಗ ಮುನವ್ವರ್ ಬೀ ಮನಿ ಬಾಗಲ ರಿಪೇರಿ ಮಾಡಾಕತ್ತಿದ್ರು. ಬಾಗಲ ಇಲ್ದ ಮನ್ಯಾಗ ಹೆಂಗ ಮಲಗಲಿ, ಇವತ್ತೇ ಬೇಕು ಅಂತ ಅಕಿ ಹೇಳಿ ಹೋಗಿದ್ಲು. ನಡುವ ಕರೆಂಟ್ ಹೋತು. ಕಾದ್ರು, ಕಾದ್ರು, ಬರಲಿಲ್ಲ. ಎದ್ದು ಗೂಟಕ್ಕ ಹಾಕಿದ್ದ ಬೈರಗಿ ಇಳಿಸಿ, ಮಿಣಿ ಸುತ್ತಿ, ನೆಲಕ್ಕ ಕುಂತ್ರು. ತಲಿ ಎತ್ತಲಿಲ್ಲ.

"ಬಾ, ಎಳಿ" ಅಂದ್ರು.

ಯಾರಿಗಂದ್ರೋ ಏನೋ! ಕಟ್ಟಿ ಮ್ಯಾಲ ನೀಲಗಂಗಮ್ಮ ಮಜ್ಜಿಗಿ ಗ್ಲಾಸ್ ಕೆಳಗಿಟ್ಟು ಅರ್ಧ ಎದ್ದಿದ್ಲು. ಈ ಸಲ ಬಿಡ್ತೀನೇನು? ಕೈಯಾಗಿನ ಮೊರ ಒಗೆದೆ, ಜ್ವಾಳ ಅಂಗಳತುಂಬ ಚೆಲ್ಲಿದ್ವು, ಓಡಿಹೋಗಿ ಕುಂತೆ.

ಮಿಣಿ ಒಣಗಿ ಕರಕರ ಅನ್ನಾಕತ್ತಿತ್ತು. ಅವರ ಹುಬ್ಬಿನಾಗ ಒಂದೆರಡು ಬಿಳಿ ಕೂದಲು ಬಂದಿದ್ವು, ನನಗ ಗೊತ್ತೇ ಇರಲಿಲ್ಲ. ನಾಕು ಸಲ ಎಳದೆ. ಅವರ ತುಟಿ ಅಲುಗಿದ್ವು.

"ದೇವದುರ್ಗದಾಗ ಒಮ್ಮೆ ಏನಾತಂದ್ರ..."

ಮಿಣಿ ಗಟ್ಟಿ ಹಿಡಿದೆ. ಎಳದೆ.

"ಆ ಸಾಹುಕಾರ ಬಾಗಲ ಸಂದ್ಯಾಗ ಅಡಗಿ ನಿಂತಾನ. ಅವನ ಹೆಂಡ್ತಿ ಬಂದಾಕಿ..."

ಪಡಸಾಲ್ಯಾಗ ಬಲ್ಬ್ ಹತ್ತಿತು. ಅವ್ರು ಬೈರಗಿ ಬಿಟ್ಟು ಎದ್ದ್ರು. ಗುರ್ರ್!

"ಹೆಂಡ್ತಿ ಏನು ಮಾಡಿದ್ಲ್ರೀ?" ಅಂತ ಚೀರಿದೆ. ಅವ್ರು ಆಗಲೇ ನನಗ ಬೆನ್ನು ಮಾಡಿದ್ರು. ಮಿಣಿ ನನ್ನ ಕೈಯಾಗ ಹಂಗೇ ಇತ್ತು.

ನೀಲಗಂಗಮ್ಮ ಮಗ್ಗಲಾಗ ಬಂದು ಕುಂತು, ಚೆಲ್ಲಿದ ಜ್ವಾಳ ಬಳಿಯಾಕತ್ತಿದ್ಲು.

"ನನಗ ಗೊತ್ತದ ಅಕ್ಕಾ, ಹೇಳ್ಲೇನು?" ಅಂದ್ಲು.

"ಹೇಳಿದ್ರ ನೋಡು ಮತ್ತ!" ಅಂದೆ. "ಅವರ ಬಾಯಿಂದನ ಕೇಳ್ತೀನಿ."

ಅವತ್ತಿಂದ ಆ ಮಿಣಿ ಒಣಗಾಕ ಬಿಟ್ಟಿಲ್ಲ, ಅಮಾಸಿಗೊಮ್ಮೆ ಔಡಲೆಣ್ಣಿ ಸವರಿ ಗೂಟಕ್ಕ ಹಾಕ್ತೀನಿ. ಶಕ್ತಿನಗರದಾಗ ಕರೆಂಟ್ ಬರಾಕತ್ತದಂತ, ಇನ್ನ ಮ್ಯಾಲ ಹೋಗಂಗೇ ಇಲ್ಲಂತ, ಕಾಳಪ್ಪ ಖುಷಿಯಿಂದ ಹೇಳಿ ಹೋದ. ಅವನ ಬಾಯಾಗ ಮಣ್ಣು ಬೀಳ್ಲಿ! ಕರೆಂಟ್ ಹೋಗ್ಲಿ ಯವ್ವಾ, ಒಂದು ತಾಸರೆ ಹೋಗ್ಲಿ.