ನೀರಿನಿಂದ ಮೂವತ್ತು ಹೆಜ್ಜೆ

ನಮ್ಮ ಕಡೆಯ ಗಂಡಸರಿಗೆ ಮೀನು ಹಿಡಿಯುವುದಕ್ಕಿಂತ ಮೀನು ಹಿಡಿಯುವ ಮಾತಾಡುವುದೇ ಹೆಚ್ಚು ರುಚಿ. ಇದು ನನಗೆ ತಿಳಿದದ್ದು ಮದುವೆಯಾಗಿ ಮುಂಬಯಿಗೆ ಬಂದ ಮೊದಲ ವರ್ಷ. ಐವತ್ತರ ದಶಕದ ನಡುವಿನ ಮಾತು. ಸಯನ್‌ನ ಚಾಳೊಂದರ ಎರಡನೇ ಮಾಳಿಗೆಯಲ್ಲಿ ನಮ್ಮದು ಒಂದೇ ಖೋಲಿ. ಅಡಿಗೆ, ಊಟ, ನಿದ್ದೆ ಎಲ್ಲ ಅದರಲ್ಲೇ. ಬಂದವರಿಗೆ ಒಂದು ಚಾಪೆ. ಗಣಪತಿ ಮುಳುಗಿಸಿ ವಾರ ಕಳೆದಿರಲಿಲ್ಲ, ಆ ಚಾಪೆಯ ಮೇಲೆ ಮೂವರು ಗಂಡಸರು ಕೂತು ಒಂದು ಭಾರೀ ಯೋಜನೆ ಶುರುಮಾಡಿದರು. ದಸರಾ ಕಳೆದ ಮೊದಲ ಶನಿವಾರ ಮನೋರಿಯ ಕಡಲ ದಂಡೆಗೆ ಹೋಗುವುದು, ಡೇರೆ ಹಾಕುವುದು, ಅಲೆ ಒಡೆಯುವಲ್ಲಿ ನಿಂತು ಗಾಳ ಎಸೆಯುವುದು, ಭಾನುವಾರ ಬುಟ್ಟಿ ತುಂಬ ಮೀನು ಹೊತ್ತು ಬರುವುದು.

ಮೂವರಲ್ಲಿ ಒಬ್ಬರು ನಮ್ಮ ಯಜಮಾನರು. ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್, ಮಾತು ಕಡಿಮೆ, ನಗು ಅದಕ್ಕಿಂತ ಸ್ವಲ್ಪ ಜಾಸ್ತಿ. ಇನ್ನೊಬ್ಬ ನನ್ನ ಅಣ್ಣ. ಫೋರ್ಟಿನಲ್ಲೇ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆ ಚಿಲ್ಲರೆ ಕೊಡುವವನು. ಬಡಾಯಿಗೆ ಎತ್ತಿದ ಬಾಯಿ. ಮೂರನೆಯವರು ಪಕ್ಕದ ಖೋಲಿಯ ಧಾರವಾಡದವರು, ಬಟ್ಟೆ ಮಾರ್ಕೆಟ್ಟಿನಲ್ಲಿ ಗುಮಾಸ್ತ. ಮೀನು ತಿನ್ನುವುದು ಹಾಗಿರಲಿ, ನಮ್ಮ ಒಲೆಯ ಮೇಲೆ ಮೀನಿದ್ದರೆ ತಮ್ಮ ಕಿಟಕಿ ಮುಚ್ಚುತ್ತಿದ್ದರು. ಆದರೂ ಮೂವರಲ್ಲಿ ಹೆಚ್ಚು ಉಮೇದು ಅವರಿಗೇ. ಅವರಿದ್ದಾರೆಂದು ನಮ್ಮ ತುಳು ಬದಿಗಿಟ್ಟು ಮಾತೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು.

ಚಾ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಮಾಡಿಕೊಟ್ಟು, ಸ್ಟೌ ಪಕ್ಕ ಕೂತು, ಒಳಗೊಳಗೇ ಕುದಿಯುತ್ತಿದ್ದೆ. ಯಾಕೆಂದರೆ ಆ ಖೋಲಿಯಲ್ಲಿ ಗಾಳ ಎಸೆಯಲು ಬರುತ್ತಿದ್ದದ್ದು ಒಬ್ಬರಿಗೆ ಮಾತ್ರ, ಅದು ನನಗೆ.

ನಾವು ಕಡಲ ಕಸುಬಿನವರು. ಅಪ್ಪ ಮಲ್ಪೆಯ ಹತ್ತಿರ ರಂಪಣಿ ಬಲೆಯ ಕೂಟದಲ್ಲಿದ್ದ. ಊರವರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ ಅದು. ಬಲೆಯ ಕೆಲಸ ಇಲ್ಲದ ಬೆಳಿಗ್ಗೆ ಅವನು ಒಬ್ಬನೇ ಗಾಳ ಹಿಡಿದು ಅಲೆಗೆ ಇಳಿಯುತ್ತಿದ್ದ. ಅಣ್ಣ ಜೊತೆಗಿದ್ದರೆ ಅವನಿಗೇ ಕಲಿಸುತ್ತಿದ್ದನೋ ಏನೋ. ಆದರೆ ಬಲೆಗೆ ಏನೂ ಬೀಳದ ಒಂದು ವರ್ಷ, ಅಣ್ಣನಿಗೆ ಹತ್ತು ತುಂಬಿತ್ತಷ್ಟೆ, ಊರಿಗೆ ಬಂದಿದ್ದ ಹೋಟೆಲಿನ ಧಣಿಯೊಬ್ಬರ ಜೊತೆ ಅವನನ್ನು ಮುಂಬಯಿಗೆ ಕಳಿಸಿಬಿಟ್ಟರು. ಉಳಿದವಳು ನಾನು. ನಮ್ಮಲ್ಲಿ ಹೆಂಗಸರು ಮೀನು ಹೊರಬಹುದು, ಒಣಗಿಸಬಹುದು, ಮಾರಬಹುದು, ಬೇಕಾದರೆ ಗಿರಾಕಿಯ ಜುಟ್ಟು ಹಿಡಿದು ಜಗಳವಾಡಬಹುದು; ಗಾಳ ಮಾತ್ರ ಮುಟ್ಟುವ ಹಾಗಿರಲಿಲ್ಲ. ಅಪ್ಪ ಬೆಳಕು ಹರಿಯುವ ಮೊದಲು ನನ್ನನ್ನು ಕರೆದುಕೊಂಡು ಹೋಗಿ ಕಲಿಸಿದ. ಸೀಸದ ಗುಂಡು ಕಟ್ಟಿದ ಹುರಿಯನ್ನು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ, ಒಡೆಯುವ ಅಲೆಯ ಆಚೆಗೆ ಬೀಳುವ ಹಾಗೆ ಬಿಡುವುದು. ಆಮೇಲೆ ಹುರಿಯನ್ನು ತೋರುಬೆರಳ ಮೇಲೆ ಇಟ್ಟುಕೊಂಡು ಕಾಯುವುದು. ಮೀನು ಮುಟ್ಟಿದರೆ ಮೊದಲು ತಿಳಿಯುವುದು ಆ ಬೆರಳಿಗೆ.

ಮದುವೆ ನಿಶ್ಚಯವಾದ ದಿನ ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು, ಗಂಡನ ಮನೆಯಲ್ಲಿ ಈ ಸುದ್ದಿ ಎತ್ತಬಾರದು ಎಂದು. ಎತ್ತಲೂ ಇಲ್ಲ. ಆದರೆ ಹತ್ತು ತಿಂಗಳಿಂದ ಆ ಬೆರಳು ಸುಮ್ಮನೆ ಅಕ್ಕಿ ಆರಿಸುತ್ತಿತ್ತು. ಒಂದೇ ಒಂದು ಸಲ ನೀರಿಗಿಳಿದು, ಹುರಿ ಬೆರಳಲ್ಲಿ ಜಗ್ಗುವುದನ್ನು ಮತ್ತೆ ಅನುಭವಿಸಬೇಕು ಎಂದು ನನಗೆ ಹುಚ್ಚೇ ಹಿಡಿದಿತ್ತು. ಹಾಗೆಂದು ನಾನಾಗಿ ಕೇಳುವವಳಲ್ಲ. ಅವರೇ ಕರೆಯಬೇಕು. ನನ್ನ ಬುದ್ಧಿಯೇ ಹಾಗೆ. ಈಗಲೂ ಏನೂ ಬದಲಾಗಿಲ್ಲ.

ದಿನಾ ಸಂಜೆ ಯೋಜನೆ ಬೆಳೆಯುತ್ತಾ ಹೋಯಿತು. ಮಾಲಾಡಿನವರೆಗೆ ಲೋಕಲ್, ಅಲ್ಲಿಂದ ಮಾರ್ವೆಗೆ ಬಸ್ಸು, ಖಾಡಿಯ ಉಪ್ಪುನೀರು ದಾಟಲು ದೋಣಿ. ಡೇರೆಗೆ ಹೋಟೆಲಿನ ಹಳೆ ತಾಡಪಾಲು ತರುವುದು ಅಣ್ಣನ ಜವಾಬ್ದಾರಿ. ಪಿತೃಪಕ್ಷದಲ್ಲಿ ಹೊಸ ಕೆಲಸದ ಮಾತು ಬೇಡವೆಂದು ಧಾರವಾಡದವರು ಒಮ್ಮೆ ತಕರಾರು ತೆಗೆದರು. ಮಾತಾಡುವುದು ಕೆಲಸವೇ ಅಲ್ಲ ಎಂದು ಅಣ್ಣ ಸಮಾಧಾನ ಹೇಳಿದ. ಆ ಒಂದು ಮಾತು ಮಾತ್ರ ಅವನು ಸರಿಯಾಗಿ ಹೇಳಿದ್ದ.

ಡೇರೆ ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬಂದಾಗ ಅಣ್ಣ ಎದೆ ಉಬ್ಬಿಸಿದ. "ಅದೆಲ್ಲ ನನಗೆ ಬಿಡಿ ಬಾವ. ನೀರಿನ ಅಂಚಿನಿಂದ ಮೂವತ್ತು ಹೆಜ್ಜೆ ಮೇಲೆ. ನಮ್ಮ ಊರಲ್ಲಿ ದೋಣಿ ಎಳೆದಿಡುದು ಅಷ್ಟರಲ್ಲೇ. ಹುಣ್ಣಿಮೆ ಇರ್ಲಿ, ಅಮಾವಾಸ್ಯೆ ಇರ್ಲಿ, ಆ ಗೆರೆ ದಾಟಿ ನೀರು ಬರುದೇ ಇಲ್ಲ."

ನನಗೆ ಕಿವಿ ನಿಮಿರಿತು. ಊರಿನ ಲೆಕ್ಕ ಅದು, ನಿಜವೇ. ಅಲ್ಲಿ ಉಬ್ಬರವೆಂದರೆ ನೀರು ನಾಚಿಕೊಂಡು ನಾಲ್ಕು ಹೆಜ್ಜೆ ಮೇಲೆ ಬಂದು ಹೋಗುತ್ತದೆ. ಮುಂಬಯಿಯ ಕಡಲು ಹಾಗಲ್ಲ. ನನಗೆ ಇದನ್ನು ಹೇಳಿದ್ದು ದಿನಾ ಬುಟ್ಟಿ ಹೊತ್ತು ಚಾಳಿಗೆ ಬರುವ ಮಾಹಿಮಿನ ಮೀನಿನ ಮುದುಕಿ. ನಾನು ಅವಳನ್ನು ಮಾವ್ಶಿ ಎನ್ನುತ್ತಿದ್ದೆ. ನನಗೆ ಮರಾಠಿ ಬಾರದು, ಅವಳಿಗೆ ಬೇರೆ ಏನೂ ಬಾರದು; ಆದರೂ ಮೀನು, ನೀರು, ಗಾಳಿ ಎಂದರೆ ನಮ್ಮಿಬ್ಬರಿಗೂ ಭಾಷೆಯ ಕೊರತೆ ಆಗುತ್ತಿರಲಿಲ್ಲ. ಹುಣ್ಣಿಮೆ ಅಮಾವಾಸ್ಯೆಯ ಹತ್ತಿರ ಸಂಜೆ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತದೆ, ಮಲಗುವ ಹೊತ್ತಿಗೆ ತೆಂಗಿನ ಬುಡದವರೆಗೆ ಬಂದು ನಿಲ್ಲುತ್ತದೆ ಎಂದು ಅವಳು ಮೆಟ್ಟಿಲ ಮೇಲೆ ಕೈ ಅಳತೆ ಮಾಡಿ ತೋರಿಸಿದ್ದಳು. ಇವರು ಹೋಗುವುದು ಹುಣ್ಣಿಮೆಗೆ ಎರಡು ದಿನ ಮೊದಲು. ಸಂಜೆಯ ನೀರಿನಿಂದ ಮೂವತ್ತು ಹೆಜ್ಜೆ ಎಂದರೆ ಕಡಲಿನ ನಡುವೆಯೇ ಡೇರೆ ಹಾಕಿದ ಹಾಗೆ.

ಹೇಳಬೇಕಿತ್ತು. ಹೇಳಲಿಲ್ಲ. ನನ್ನನ್ನು ಬಿಟ್ಟು ಹೋಗುತ್ತೀರಲ್ಲ, ಒದ್ದೆಯಾಗಿ ಬನ್ನಿ ಎಂದು ಒಳಗೇ ಖುಷಿಪಟ್ಟೆ. ತಾಡಪಾಲಿನ ಅಡಿಯಿಂದ ಅಣ್ಣ ಬೊಬ್ಬೆ ಹೊಡೆಯುತ್ತಾ ಏಳುವುದನ್ನು ನೆನೆದು ನಾಲ್ಕು ದಿನ ಒಬ್ಬಳೇ ನಕ್ಕಿದ್ದೇನೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಆಗಿರಲಿಲ್ಲ.

ಐದನೇ ದಿನ ಧಾರವಾಡದವರು ಚಾ ಲೋಟ ಹಿಡಿದು ನನ್ನ ಕಡೆ ತಿರುಗಿದರು. "ವೈನಿ, ನಾ ಅಂತೂ ಡೇರೆದಾಗ ಮಲಗಾಂವಲ್ರೀ. ನೀರಿನ ಬಾಜೂಕ ಚಾಪಿ ಹಾಕತೇನಿ. ಸಮುದ್ರದ ಸಪ್ಪಳಾ ಕೇಳಕೋತ ನಿದ್ದಿ ಹತ್ತಬೇಕು ನೋಡ್ರಿ."

"ನಿಮಗೆ ಈಜು ಬರ್ತದಾ?" ಎಂದು ಕೇಳಿದೆ.

"ಇಲ್ರೀ. ಬಾವ್ಯಾಗ ಸುದ್ದಾ ಇಳದಾಂವಲ್ಲ." ಹೇಳಿ, ಮಕ್ಕಳ ಹಾಗೆ ನಕ್ಕರು.

ಒದ್ದೆಯಾಗುವುದು ಬೇರೆ, ಇದು ಬೇರೆ. ನನ್ನ ಸಿಟ್ಟಿಗೆ ಈ ಪಾಪದ ಮನುಷ್ಯ ಹೋಗಿಬಿಟ್ಟರೆ? ಕೈಯಲ್ಲಿದ್ದ ಪಾತ್ರೆ ದಡಕ್ಕನೆ ಕೆಳಗಿಟ್ಟು ಎದ್ದು ನಿಂತೆ.

"ಅಣ್ಣ, ನಿನ್ನ ಮೂವತ್ತು ಹೆಜ್ಜೆಗೆ ಬೆಂಕಿ ಬೀಳ! ಇದು ನಮ್ಮ ಕಡಲಲ್ಲ. ನೀನು ಹೇಳಿದಲ್ಲಿ ಮಲಗಿದ್ರೆ ಮೂವರೂ ನೀರು ಕುಡಿದು ಸಾಯ್ತೀರಿ."

ಮದುವೆಯಾದ ಮೇಲೆ ಗಂಡಸರ ನಡುವೆ ನಾನು ದನಿ ಎತ್ತಿದ್ದು ಅದೇ ಮೊದಲು. ಅಣ್ಣನ ಮುಖ ಕೆಂಪಾಯಿತು. "ಕಡಲು ಅಲ್ಲಿಂದ ಇಲ್ಲಿಗೆ ಒಂದೇ ಅಲ್ವಾ? ನಡುವೆ ಗೋಡೆ ಕಟ್ಟಿದ್ದಾರಾ? ಹೆಂಗಸರಿಗೆ ಎಂತ ಗೊತ್ತುಂಟು!"

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಯಜಮಾನರು ನಿಧಾನವಾಗಿ ಹೇಳಿದರು. "ಜಗಳ ಯಾಕೆ? ಬರುವ ಭಾನುವಾರ ಅಮಾವಾಸ್ಯೆ. ದಾದರಿಗೆ ಹೋಗಿ ನೋಡಿಬಿಡುವಾ." ಮತ್ತೆ ನನ್ನ ಕಡೆ ತಿರುಗಿ, "ನೀನೂ ಬಾ, ನೀನೇ ತೋರಿಸು" ಎಂದರು.

ಭಾನುವಾರ ಫೋರ್ಟಿನಲ್ಲಿ ಆಫೀಸುಗಳಿಗೆ ರಜೆ, ಹಾಗಾಗಿ ಅಣ್ಣನ ಹೋಟೆಲಿಗೂ ರಜೆ. ಬೆಳಿಗ್ಗೆ ಏಳರ ಒಳಗೆ ನಾಲ್ವರೂ ದಾದರಿನ ಚೌಪಾಟಿಯಲ್ಲಿದ್ದೆವು. ನೀರು ಎಲ್ಲೋ ದೂರದಲ್ಲಿ ಬೆಳ್ಳಗೆ ಮಿನುಗುತ್ತಿತ್ತು. ಅಣ್ಣ ಅಲ್ಲಿಯವರೆಗೆ ನಡೆದು ಹೋಗಿ, ಅಲ್ಲಿಂದ ಮೂವತ್ತು ಹೆಜ್ಜೆ ಗಟ್ಟಿಯಾಗಿ ಎಣಿಸಿಕೊಂಡು ಬಂದು, ತನ್ನ ಹೊಸ ಕೊಡೆಯನ್ನು ಮರಳಿಗೆ ಚುಚ್ಚಿ ನಿಲ್ಲಿಸಿದ. "ಇದೇ ಡೇರೆ" ಎಂದ. ಕೊಡೆ ಯಾರಾದರೂ ಒಯ್ದಾರು ಎಂದು ಯಜಮಾನರು ಹೇಳಿದರೆ ಕೇಳಲಿಲ್ಲ.

ಅವನ ಪರಿಚಯದ ಹೋಟೆಲಿನಲ್ಲಿ ಇಡ್ಲಿ ತಿಂದು, ಹೂವಿನ ಮಾರ್ಕೆಟ್ ಸುತ್ತಿ, ಹನ್ನೆರಡರ ಸುಮಾರಿಗೆ ತಿರುಗಿ ಬಂದೆವು. ಬೆಳಿಗ್ಗೆ ನಾವು ನಡೆದಾಡಿದ್ದ ಮರಳೇ ಇರಲಿಲ್ಲ. ಅಲೆಗಳು ಗೋಡೆಯ ಬುಡಕ್ಕೆ ಬಡಿಯುತ್ತಿದ್ದವು. ಅಣ್ಣ ಬಿಟ್ಟ ಬಾಯಿ ಬಿಟ್ಟ ಹಾಗೆಯೇ ನಿಂತ.

"ಅಕಾ ಅಲ್ಲೆ ತೇಲಾಕ್ಹತ್ತೇತಿ ನೋಡ್ರೀ!" ಎಂದು ಧಾರವಾಡದವರು ಕೂಗಿದರು. ಕೊಡೆ ಒಂದು ಕಡೆ ವಾಲಿಕೊಂಡು ಸವಾರಿ ಹೊರಟಿತ್ತು. ಅಣ್ಣ ಪಂಚೆ ಎತ್ತಿ ಮೊಣಕಾಲವರೆಗೆ ಇಳಿದು ಅದನ್ನು ಹಿಡಿದು ತಂದ. ನನ್ನ ನಾಲಗೆಯ ತುದಿಯಲ್ಲಿ ಹತ್ತು ಮಾತು ಸಿದ್ಧವಾಗಿದ್ದವು. ಅವನ ಮುಖ ನೋಡಿ ಒಂದನ್ನೂ ಆಡಲಿಲ್ಲ.

ನೀರು ಸುರಿಯುವ ಕೊಡೆ ಹಿಡಿದುಕೊಂಡೇ ಅವನು ಯಜಮಾನರಿಗೆ ಹೇಳಿದ. "ಬಾವ, ನನಗೆ ಕಡಲು ಗೊತ್ತಿಲ್ಲ. ಗಾಳ ಎಸೆಯಲಿಕ್ಕೂ ಬರುದಿಲ್ಲ. ಹತ್ತು ವರ್ಷಕ್ಕೇ ಇಲ್ಲಿಗೆ ಬಂದು ಲೋಟ ತೊಳೆದವ ನಾನು. ಅಪ್ಪ ಕಲಿಸಿದ್ದು ಇವಳಿಗೆ. ಇವಳನ್ನು ಬಿಟ್ಟು ನಾವು ಹೋಗಿ ಮಾಡುದು ಎಂತ?"

ಯಜಮಾನರು ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು. "ನನಗೆ ಹೇಳಲೇ ಇಲ್ಲ ನೀನು."

"ನೀವು ಕೇಳಲೇ ಇಲ್ಲ."

ಅವರಿಗೆ ನಗು ಬಂತು. "ಈಗ ಕೇಳ್ತೇನೆ. ಬರ್ತೀಯಾ?"

"ನೋಡುವಾ" ಎಂದೆ, ದೊಡ್ಡ ಮನುಷ್ಯರ ಹಾಗೆ. ಮನೆಗೆ ಬರುವವರೆಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲಿನ ಎರಡು ವಾರ ಯೋಜನೆಯ ಯಜಮಾನಿಕೆ ನನ್ನದೇ. ಚಾಪೆಯ ಮೇಲೆ ನಾನು ಕೂತೆ, ಚಾ ಯಜಮಾನರು ಮಾಡಿದರು. ಸಕ್ಕರೆ ಯಾವಾಗಲೂ ಜಾಸ್ತಿ. ಹುರಿಯನ್ನು ಮಾಳಿಗೆಯ ಕಟಾಂಜನದ ಉದ್ದಕ್ಕೂ ಕಟ್ಟಿ ಎಳೆದು ಪರೀಕ್ಷಿಸಿದೆ. ಗಾಳಕ್ಕೆ ಸಿಕ್ಕಿಸುವ ಸಣ್ಣ ಸಿಗಡಿಯನ್ನು ಶನಿವಾರ ಬೆಳಿಗ್ಗೆ ತಂದುಕೊಡಲು ಮಾವ್ಶಿ ಒಪ್ಪಿದಳು, ಜೊತೆಗೆ ಮನೋರಿಯಲ್ಲಿ ತನ್ನ ನೆಂಟರ ವಾಡಿಯ, ಅಂದರೆ ತೋಟದ, ಗುರುತು ಹೇಳಿದಳು. ಡೇರೆ ಅವರ ತೆಂಗಿನ ಮರಗಳ ಹಿಂದೆ, ಚರ್ಚೆ ಇಲ್ಲ ಎಂದೆ. ಧಾರವಾಡದವರು ತಮ್ಮ ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುವುದು, ಚಾಪೆ ಮಾತ್ರ ನಾನು ಹೇಳಿದಲ್ಲೇ ಹಾಸುವುದು ಎಂದು ತೀರ್ಮಾನವಾಯಿತು. ಆ ದಿನಗಳಷ್ಟು ಸುಖವಾಗಿ ಆ ಖೋಲಿಯಲ್ಲಿ ಅದಕ್ಕೆ ಮೊದಲು ನಾನು ಇರಲಿಲ್ಲ.

ಅಣ್ಣ ಮಾತ್ರ ಮೆತ್ತಗಾಗಿದ್ದ. ತಾಡಪಾಲು ತಂದ, ಹಗ್ಗ ತಂದ, ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಅವನ ಬಡಾಯಿ ಇಲ್ಲದ ಚಾಪೆ ನನಗೇ ಬಣಬಣ ಎನ್ನಿಸುತ್ತಿತ್ತು.

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಬಂದದ್ದೇ ಹೊರಟೆವು. ಮನೋರಿ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು, ನೀರು ಆಗಷ್ಟೇ ಏರಲು ಶುರುವಾಗಿತ್ತು. ಗಂಡಸರು ತೆಂಗಿನ ಮರಗಳ ಹಿಂದೆ ಡೇರೆಯ ಗೂಟ ಹೊಡೆಯುತ್ತಿದ್ದರು. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹುರಿಯ ಸುರುಳಿ ಹಿಡಿದು ಅಲೆಗೆ ಇಳಿದೆ. ಕಾಲ ಕೆಳಗಿನ ಮರಳು ಜಾರಿದಾಗ ಎದೆ ತುಂಬಿ ಬಂತು. ಗುಂಡು ತಿರುಗಿಸಲು ಕೈ ಎತ್ತಿದವಳು ಯಾಕೋ ಹಿಂದೆ ನೋಡಿದೆ. ಅಣ್ಣ ಸುತ್ತಿಗೆ ಬಿಟ್ಟು ನೀರಿನ ಅಂಚಿಗೆ ಬಂದು ನಿಂತಿದ್ದ. ಬಾ ಎಂದರೆ ಬರುವ, ಬೇಡವೆಂದರೆ ಹೋಗುವ ಹಾಗೆ ನಿಂತಿದ್ದ.

ಹತ್ತು ತಿಂಗಳು ಕಾದಿದ್ದೆ ನಾನು. ಅವನು ಎಷ್ಟು ವರ್ಷ ಕಾದಿದ್ದನೋ.

"ಬಾ ಅಣ್ಣ, ಹಿಡಿ" ಎಂದು ಹುರಿಯನ್ನು ಅವನ ಕೈಗೆ ಕೊಟ್ಟೆ.

ಮೊದಲ ಸಲ ಗುಂಡು ಅವನ ಹಿಂದೆಯೇ ಬಿತ್ತು. ಎರಡನೇ ಸಲ ಕಾಲಿಗೆ ಸುತ್ತಿಕೊಂಡಿತು. ಮೂರನೆಯದು ಒಂದು ಮಾರು ಹೋಗಿ ಪಚಕ್ಕೆಂದಿತು. ಅವನು ಹುರಿ ಎಳೆದುಕೊಳ್ಳುತ್ತಾ, ನನ್ನ ಕಡೆ ನೋಡದೆ ಕೇಳಿದ. "ಅಪ್ಪ ನಿನಗೆ ಕಲಿಸುವಾಗ ಹೀಗೆ ತಪ್ಪಿದ್ರೆ ಬೈತಿದ್ದನಾ?"

"ಬೈತಿದ್ದ. ಕಿವಿಯಲ್ಲಿ ಹುಳ ಬೀಳುವ ಹಾಗೆ ಬೈತಿದ್ದ."

"ಹಾಗಾದ್ರೆ ನನಗೂ ಬೈ ಮಾರಾಯ್ತಿ. ಅವ ಬೈದ ಹಾಗೇ ಬೈ."

ಬೈಗುಳಕ್ಕೆ ನಾನು ಎಂದೂ ತಡಕಾಡಿದವಳಲ್ಲ. ಆವತ್ತು ಒಂದೂ ಬಾಯಿಗೆ ಬರಲಿಲ್ಲ.