ನಾನು ಹಾಕದ ವೋಟು

ಮತ ಎಣಿಕೆಯ ಮರುದಿನ ಗ್ಯಾರಿ ಎಂಬ ರೈತ ನನ್ನ ಹೊಲಿಗೆ ಅಂಗಡಿಗೆ ಬಂದ. ಹೊಸ ಪ್ಯಾಂಟಿನ ಕಾಲು ಗಿಡ್ಡ ಮಾಡಬೇಕಿತ್ತು. ನಾನು ನೆಲದ ಮೇಲೆ ಕೂತು ಪಿನ್ನು ಚುಚ್ಚುತ್ತಿದ್ದಾಗ ಮೇಲಿನಿಂದ ಕೇಳಿದ: "ಆ ಹೊಸ ನೀಲಿ ವೋಟು ನಿಮ್ಮದೇ ತಾನೆ?"

ನಗುತ್ತಲೇ ಕೇಳಿದ. ನನ್ನ ತುಟಿಗಳ ನಡುವೆ ಪಿನ್ನುಗಳಿದ್ದವು. ಉತ್ತರ ಕೊಡದಿರಲು ಅದೇ ನೆಪವಾಯಿತು.

ತಿಪಟೂರಿನ ದರ್ಜಿಯ ಮಗಳಾದ ನಾನು ನೆಬ್ರಾಸ್ಕಾದ ಈ ಪುಟ್ಟ ಊರಿಗೆ ಬಂದು ವರ್ಷಗಳೇ ಆದವು. ಗಂಡ ರಫೀಕ್ ಟ್ರ್ಯಾಕ್ಟರ್ ಮೆಕ್ಯಾನಿಕ್. ಅವರ ಅಣ್ಣ ನಮ್ಮನ್ನು ಕರೆಸಿಕೊಂಡಿದ್ದರು. ನಮ್ಮ ಕಡೆ ಎತ್ತ ನೋಡಿದರೂ ತೆಂಗಿನ ಮರ ಅಡ್ಡ ಬರುತ್ತದೆ. ಇಲ್ಲಿ ಮುಸುಕಿನ ಜೋಳದ ಕಟಾವು ಮುಗಿದರೆ ಕಣ್ಣಿಗೆ ಅಡ್ಡವೇ ಇಲ್ಲ. ಯಾರ ಮನೆ ಮುಂದೆ ಯಾರ ಕಾರು ನಿಂತಿದೆ ಎಂದು ಊರಾಚೆಯಿಂದಲೇ ಕಾಣುತ್ತದೆ.

ಚುನಾವಣೆ ಬಂತೆಂದರೆ ಇಲ್ಲಿಯವರು ಮನೆ ಮುಂದಿನ ಹುಲ್ಲಿನಲ್ಲಿ ತಮ್ಮ ಅಭ್ಯರ್ಥಿಯ ಹೆಸರಿನ ಫಲಕ ನೆಡುತ್ತಾರೆ. ಅದಕ್ಕೆ 'ಯಾರ್ಡ್ ಸೈನ್' ಎಂದು ಹೆಸರು. ಮೊದಲ ಸಲ ನೋಡಿದಾಗ ನನಗೆ ಭಯವೇ ಆಯಿತು. ತಿಪಟೂರಿನಲ್ಲಿ ನಮ್ಮ ಅಬ್ಬಾ ಬಾಗಿಲಿಗೆ ಬಂದ ಎಲ್ಲ ಪಕ್ಷದವರಿಗೂ "ನಿಮ್ಗೇ ಕಣಣ್ಣ, ಹೇಳ್ಬೇಕಾ" ಎಂದು ಕೈ ಮುಗಿದು ಕಳಿಸುತ್ತಿದ್ದರು. ಆದರೂ ಬೂತುವಾರು ಲೆಕ್ಕ ಬಂದಾಗ ಚಹಾ ಅಂಗಡಿಯಲ್ಲಿ ಕೂತವರು ಯಾವ ಬೀದಿ ಯಾರಿಗೆ ಹಾಕಿತು ಎಂದು ಹೇಳಿಬಿಡುತ್ತಿದ್ದರು. ಒಂದು ಸಲ ಸೋತವನ ಕಡೆಯವರು ಬಹಳ ದಿನ ಅಬ್ಬಾನಿಗೆ ಬಟ್ಟೆ ಕೊಡಲಿಲ್ಲ. ಯಾಕೆಂದು ಅವರೂ ಹೇಳಲಿಲ್ಲ, ಅಬ್ಬಾನೂ ಕೇಳಲಿಲ್ಲ.

ಇಲ್ಲೂ ಲೆಕ್ಕ ಬೂತುವಾರು ಬರುತ್ತದೆ. ಬೂತಿನ ವ್ಯಾಪ್ತಿಗೆ 'ಪ್ರಿಸಿಂಕ್ಟ್' ಎನ್ನುತ್ತಾರೆ. ಊರಿಗೆ ಊರೇ ಕೆಂಪು ಬಣ್ಣದ ಪಕ್ಷಕ್ಕೆ. ಎದುರಿನ ನೀಲಿ ಪಕ್ಷಕ್ಕೆ ಬೀಳುವ ಬೆರಳೆಣಿಕೆಯ ವೋಟುಗಳು ಯಾರವೆಂದು ಎಲ್ಲರಿಗೂ ಗೊತ್ತು. ಈ ಸಲ ಒಂದು ಹೆಚ್ಚಾಗಿತ್ತು. ಪೌರತ್ವ ಸಿಕ್ಕಿ ಹೊಸದಾಗಿ ವೋಟು ಹಾಕಿದವರು ನಾವಿಬ್ಬರೇ.

ನಮ್ಮ ಮನೆಮಾತು ಉರ್ದು. ಜಗಳಕ್ಕೆ ಮಾತ್ರ ಇಬ್ಬರಿಗೂ ತಿಪಟೂರಿನ ಕನ್ನಡವೇ ಬೇಕು.

"ನಿಜ ಹೇಳ್ಬುಡು, ನೀನೇ ತಾನೆ?" ಎಂದರು ರಫೀಕ್.

"ನಾನಲ್ಲ ಕಣ್ರೀ. ನೀವೇ ಇರ್ಬೇಕು."

"ನಮ್ ಗ್ಯಾರೇಜ್ ಓನರ್ ಎಂಥಾ ಕೆಂಪು ಪಕ್ಷದೋನು ಅಂತ ಗೊತ್ತಿದ್ದೂ ನಾನ್ ಹಂಗ್ ಮಾಡ್ತೀನಾ? ಮುಂದಿನ ಸಲ ಒಂದ್ ಕೆಂಪು ಬೋರ್ಡ್ ನೆಟ್ಬುಡಾಣ. ಎಲ್ರೂ ಬಾಯ್ ಮುಚ್ಕೋತಾರೆ."

"ನೆಟ್ರೆ ಇನ್ನೂ ಅನುಮಾನ ಪಡ್ತಾರೆ. ಸುಮ್ನಿರಿ."

ನಾನು ಮತಪತ್ರದಲ್ಲಿ ಆ ಎರಡು ಪಕ್ಷಗಳ ಸಾಲಿನಲ್ಲಿ ಯಾರಿಗೂ ಗುರುತು ಹಾಕದೆ ಖಾಲಿ ಬಿಟ್ಟು ಬಂದಿದ್ದೆ. ಅಷ್ಟು ವರ್ಷ ಕಾದು ಪಡೆದ ವೋಟು, ಕೈಗೆ ಬಂದಾಗ ಎರಡೂ ಕಡೆಯವರ ಮೇಲೆ ನಂಬಿಕೆ ಬರಲಿಲ್ಲ. ಇದನ್ನು ರಫೀಕ್ ನಂಬಲಿಲ್ಲ. ಅವರ ಮಾತನ್ನು ನಾನೂ ಪೂರ್ತಿ ನಂಬಲಿಲ್ಲ.

ಆಮೇಲೆ ಎಲ್ಲದಕ್ಕೂ ಅರ್ಥ ಹುಡುಕತೊಡಗಿದೆ. ದಿನಸಿ ಅಂಗಡಿಯಾಕೆ ಹವಾಮಾನದ ಮಾತು ನಿಲ್ಲಿಸಿದ್ದೇಕೆ? ಮದುವೆ ಗೌನು ಸರಿಮಾಡಿಸಲು ಬರುತ್ತೇನೆಂದ ಹುಡುಗಿ ಬರಲಿಲ್ಲವೇಕೆ? ಮಷೀನಿನ ಮುಂದೆ ಕೆಲಸವಿಲ್ಲದೆ ಕೂತಾಗ ಅಬ್ಬಾ ಇದನ್ನೆಲ್ಲ ಹೇಗೆ ನುಂಗಿಕೊಂಡರೋ ಎನಿಸುತ್ತಿತ್ತು.

ಪ್ಯಾಂಟು ಒಯ್ಯಲು ಗ್ಯಾರಿ ಬರಲಿಲ್ಲ. ಹೆಂಡತಿ ಡಾರ್ಲೀನ್ ಬಂದಳು. ಅಂಗಡಿಯಲ್ಲಿ ಬೇರಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಹೇಳಿದಳು: "ಆ ವೋಟು ನನ್ನದು. ಗ್ಯಾರಿಗೆ ಗೊತ್ತಾಗಬಾರದು."

ಅವಳ ಮನೆ ಮುಂದಿನ ಕೆಂಪು ಫಲಕ ಊರಲ್ಲೇ ದೊಡ್ಡದು. ನನಗೆ ಸಿಟ್ಟು ಬಂತು. "ಊರೆಲ್ಲ ನನ್ನ ಹೆಸರು ಹೇಳುತ್ತಿದೆಯಲ್ಲ?"

"ಗೊತ್ತು. ಆದರೆ ನೀವು ಯಾರಿಗೆ ಹಾಕಿದ್ದರೂ ಅವರು ಹಾಗೇ ಅಂದುಕೊಳ್ಳುತ್ತಿದ್ದರು."

ಸುಳ್ಳು ಎನ್ನಲಾಗಲಿಲ್ಲ. ಅವಳು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಳು. ಗ್ಯಾರಿಗೆ ಹೇಳಿದರೆ ಆ ಮನೆಯಲ್ಲಿ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. "ಆದರೆ ಇನ್ನು ಮೇಲೆ ಒಬ್ಬಳೇ ಕದ್ದು ಬರಬೇಡ," ಎಂದೆ. "ಹಗಲಲ್ಲಿ ನಾಲ್ಕು ಜನರ ಎದುರಿಗೆ ಬಾ. ನನ್ನ ಅಂಗಡಿಗೆ ಬರುತ್ತೀಯೆಂದು ಊರಿಗೆ ಕಾಣಲಿ."

ಮುಂದಿನ ವಾರ ಅವಳು ಚರ್ಚಿನ ಹೆಂಗಸರನ್ನು ಕರೆತಂದಳು. ಪರದೆ, ಕೋಟು, ಮೊಮ್ಮಗಳ ಲಂಗ, ಕೆಲಸ ಮತ್ತೆ ತುಂಬಿತು. ನನ್ನ ಚಹಾ ಕುಡಿದು ಹೊಗಳಿದರು. ಇದು ಸ್ನೇಹವೋ, ನನ್ನ ಬಾಯಿಗೆ ಹಾಕಿದ ಬೀಗವೋ, ಇಂದಿಗೂ ಗೊತ್ತಿಲ್ಲ. ಗ್ಯಾರಿ ಈಗಲೂ ನನ್ನನ್ನು ಕಂಡರೆ "ನೀಲಿ ಮೇಡಂ" ಎಂದು ಕೈ ಬೀಸುತ್ತಾನೆ. ಪಕ್ಕದಲ್ಲಿ ಡಾರ್ಲೀನ್ ಬೇರೆಲ್ಲೋ ನೋಡುತ್ತಿರುತ್ತಾಳೆ. ನಾನೂ ಕೈ ಬೀಸುತ್ತೇನೆ.

ಮೊನ್ನೆ ಕಿಬ್ಬನಹಳ್ಳಿಯಿಂದ ಶಾಲೆಯ ಗೆಳತಿ ಮಂಜುಳಾ ಫೋನ್ ಮಾಡಿದ್ದಳು.

"ತಿಪಟೂರಿನ ವೋಟರ್ ಪಟ್ಟೀಲಿ ನಿನ್ ಹೆಸರು ತೆಗ್ದವ್ರಂತೆ ಕಣೇ."

ಬೇರೆ ದೇಶದ ಪೌರತ್ವ ತೆಗೆದುಕೊಂಡ ಮೇಲೆ ತೆಗೆಯಲೇಬೇಕು, ನ್ಯಾಯವೇ. ಆದರೂ ಮನಸ್ಸು ಲೆಕ್ಕ ಹಾಕಿತು. ಇಲ್ಲಿ ಯಾರದೋ ವೋಟು ನನ್ನ ಹೆಸರಿನಲ್ಲಿದೆ. ಅಲ್ಲಿ ನನ್ನ ಹೆಸರೇ ಇಲ್ಲ.

"ಹೋಗ್ಲಿ ಬುಡು," ಎಂದಳು ಮಂಜುಳಾ. "ಅಲ್ಲಿ ಹಾಕುದ್ಯಲ್ಲ, ಯಾರಿಗ್ ಹಾಕ್ದೆ? ನನ್ಗಾದ್ರೂ ಹೇಳೇ."

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಪಕ್ಕದಲ್ಲಿ ಯಾರೋ ಕೆಮ್ಮಿದರು.

"ಯಾರೇ ಅದು, ಪಕ್ಕದಲ್ಲಿ?"

"ಯಾರೂ ಇಲ್ಲ, ನಮ್ಮತ್ತೆ ಕಣೇ. ಯಾಕೆ?"

"ಏನಿಲ್ಲ," ಎಂದೆ. ಆಮೇಲೆ ಮಾಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.